ಜೀವಕೋಶದ ಗುಟುಕು, ಮತ್ತು ಚಿತ್ರದಲ್ಲಿ ಇಲ್ಲದ ಬಾಣ

ಪಿನೋಸೈಟೋಸಿಸ್ ಅಂದರೆ ಏನು? ಪಠ್ಯಪುಸ್ತಕ ಎರಡೇ ಪದದಲ್ಲಿ ಮುಗಿಸುತ್ತದೆ: ಜೀವಕೋಶ ಕುಡಿಯುವುದು. ಪಕ್ಕದಲ್ಲೊಂದು ಚಿತ್ರ. ಪೊರೆ ಒಳಕ್ಕೆ ತಗ್ಗಿದೆ, ಪುಟ್ಟ ಗುಳ್ಳೆಯೊಂದು ಒಳಗೆ ಸೇರಿದೆ, ಒಂದು ಬಾಣ. ಈ ಚಿತ್ರದ ಬಗ್ಗೆ ನನಗೆ ತಕರಾರಿದೆ.

'ಕುಡಿಯುವುದು' ಅಂದ ತಕ್ಷಣ ಬಾಯಾರಿಕೆ ನೆನಪಾಗುತ್ತದೆ ಅಲ್ವಾ? ಆದರೆ ನೀರಿಗಾಗಿ ಕೋಶ ಇಷ್ಟು ಕಷ್ಟಪಡಬೇಕಿಲ್ಲ. ನೀರು ಪೊರೆಯ ಮೂಲಕ, ಅಕ್ವಾಪೊರಿನ್ ಎಂಬ ಪ್ರೋಟೀನ್ ಕೊಳವೆಗಳ ಮೂಲಕ ತಾನೇ ಓಡಾಡುತ್ತದೆ. ಗುಟುಕಿನಲ್ಲಿ ಮುಖ್ಯವಾಗುವುದು ನೀರಲ್ಲಿ ಕರಗಿರುವ ಸರಕು.

1931ರಲ್ಲಿ ವಾರೆನ್ ಲೂಯಿಸ್ ಎಂಬ ವಿಜ್ಞಾನಿ ಮ್ಯಾಕ್ರೋಫೇಜ್ ಕೋಶಗಳನ್ನು (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳು) ಚಿತ್ರೀಕರಿಸಿ, ರೀಲನ್ನು ವೇಗವಾಗಿ ಓಡಿಸಿ ನೋಡಿದರು. ಕೋಶದ ಅಂಚು ಸುಮ್ನೆ ಕೂತಿರಲಿಲ್ಲ. ತೆಳ್ಳಗಿನ ನೆರಿಗೆಗಳು ಅಲೆಯಂತೆ ಎದ್ದು, ಬಾಗಿ, ಸುತ್ತಲಿನ ದ್ರವವನ್ನು ಮುಚ್ಚಿಕೊಂಡು ಒಳಗೆಳೆಯುತ್ತಿದ್ದವು. ಪಿನೋಸೈಟೋಸಿಸ್ ಅನ್ನುವ ಹೆಸರನ್ನು ಕೊಟ್ಟವರೂ ಅವರೇ.

ಈಗ ಲೆಕ್ಕಕ್ಕೆ ಬರೋಣ. 1976ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜೊತೆಗಾರರು ಇಲಿಯ ಮ್ಯಾಕ್ರೋಫೇಜ್‌ಗಳು ಎಷ್ಟು ಕುಡಿಯುತ್ತವೆ ಅಂತ ಅಳೆದರು. ಒಂದು ಗಂಟೆಗೆ, ತಮ್ಮ ಗಾತ್ರದ ಸುಮಾರು ಕಾಲು ಭಾಗದಷ್ಟು! ಇನ್ನೊಂದು ಸಂಗತಿ ಇದಕ್ಕಿಂತ ಜಾಸ್ತಿ ವಿಚಿತ್ರ. ಪ್ರತಿ ಗುಳ್ಳೆಗೂ ಕೋಶ ತನ್ನ ಪೊರೆಯನ್ನೇ ಹರಿದುಕೊಡಬೇಕು. ಹಾಗಾಗಿ ಸುಮಾರು ಅರ್ಧ ಗಂಟೆಯಲ್ಲಿ ಇಡೀ ಮೇಲ್ಮೈಯಷ್ಟು ಪೊರೆ ಒಳಗೆ ಹೋಗುತ್ತದೆ.

ಹಾಗಾದರೆ ಕೋಶ ಮುದುಡಿ ಮಾಯವಾಗಬೇಕಿತ್ತಲ್ಲ? ಆಗುವುದಿಲ್ಲ. ಸರಕು ಇಳಿದ ಮೇಲೆ ಪೊರೆಯ ಬಹುಪಾಲು ಮತ್ತೆ ಮೇಲಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಪಠ್ಯದ ಚಿತ್ರದಲ್ಲಿ ಈ ವಾಪಸು ಬಾಣವೇ ಇಲ್ಲ. ನನ್ನ ಸಿಟ್ಟು ಇದೇ.

ಅದೇನು ಸಣ್ಣ ವಿಷಯ ಅನ್ನಬೇಡಿ. 'ಕೆಟ್ಟ ಕೊಲೆಸ್ಟ್ರಾಲ್' ಅಂತೀವಲ್ಲ, ಆ ಎಲ್‌ಡಿಎಲ್ ಕಣಗಳು ಕೋಶದೊಳಗೆ ಹೋಗುವುದೂ ಇಂಥ ಗುಳ್ಳೆಗಳಲ್ಲೇ. ಆದರೆ ಇಲ್ಲಿ ಆಯ್ಕೆ ಇದೆ: ಪೊರೆಯ ಮೇಲಿನ ರಿಸೆಪ್ಟರ್, ಅಂದರೆ ಹಿಡಿಯುವ ಪ್ರೋಟೀನ್, ಎಲ್‌ಡಿಎಲ್ ಕಣವನ್ನು ಹಿಡಿದುಕೊಂಡು ಒಳಗೆ ಹೋಗುತ್ತದೆ, ಬಿಟ್ಟು ಬರುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ಇದನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಆ ರಿಸೆಪ್ಟರ್‌ಗೆ ಅಂಟಿಕೊಂಡರೆ ಅದು ವಾಪಸು ಬರುವುದಿಲ್ಲ, ಒಳಗೇ ಚೂರಾಗುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಏರುತ್ತದೆ. ಈಗ ಆ ಪ್ರೋಟೀನನ್ನೇ ತಡೆಯುವ ಇಂಜೆಕ್ಷನ್‌ಗಳಿವೆ. ಅವು ಕಾಪಾಡುವುದು ಚಿತ್ರದಲ್ಲಿ ಬಿಟ್ಟುಹೋದ ಆ ಬಾಣವನ್ನೇ.