ಗಡಿಗೆ ಬಡಿದು ನೋಡುವ ವಿಜ್ಞಾನ

ಕೇಳುಗರೇ, ನಮಸ್ಕಾರ.

ವಿಜಯಪುರದವರಿಗೆ ಗೋಲಗುಮ್ಮಟ ಹೊಸದಲ್ಲ. ಆದರೂ ಪ್ರತಿ ವರ್ಷ ಪಿಯು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ಜನ ಜಾಸ್ತಿ ಆದರೆ ಬರೀ ಗದ್ದಲ. ಮೆಟ್ಟಿಲು ಹತ್ತಿ ಗುಮ್ಮಟದ ಒಳಸುತ್ತಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಒಂದು ಸಲ ಒಬ್ಬ ಹುಡುಗಿ ಕೇಳಿದಳು: “ಸರ, ಉದ್ದಕ ದನಿ ತಗದ್ರ ಏನೂ ತಿಳಿಯಂಗಿಲ್ಲ. ಚಪ್ಪಾಳಿ ಹೊಡದ್ರ ಮಾತ್ರ ಎಣಸಾಕ ಬರ್ತೈತಿ. ಯಾಕ್ರಿ?”

ಉದ್ದನೆಯ ದನಿ ತನ್ನ ಪ್ರತಿಧ್ವನಿಯನ್ನು ತಾನೇ ಮುಚ್ಚಿಬಿಡುತ್ತದೆ ಎಂದೆ. ಆದರೆ ನನಗೆ ನೆನಪಾದವರು ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ.

1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಪಿಎಚ್‌ಡಿಗೆ ಸೇರಿದರು. ಬೆಳಕನ್ನೂ ಹೊರಗೆ ಬಿಡದಷ್ಟು ಸೆಳೆತ ಇರುವ ಕಾಯಕ್ಕೆ ಕಪ್ಪುಕುಳಿ ಎಂಬ ಹೆಸರೇ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಅಂಥದ್ದೊಂದು ನಿಜವಾಗಿ ಇರಬಹುದೇ ಎಂಬ ಅನುಮಾನ ಬಹಳ ಜನರಿಗಿತ್ತು. ವಿಶ್ವೇಶ್ವರ ಅವರ ಮೊದಲ ಪ್ರಶ್ನೆ ಸರಳ: ಇದ್ದರೂ ಅದು ಉಳಿಯುತ್ತದೆಯೇ? ಸ್ವಲ್ಪ ಅಲುಗಾಡಿಸಿದರೆ ಕೆಟ್ಟುಹೋಗುತ್ತದೆಯೇ? ಲೆಕ್ಕ ಮಾಡಿ ನೋಡಿದರು. ಕುಳಿ ಗಟ್ಟಿ ಇತ್ತು.

ಆಮೇಲಿನ ಪ್ರಶ್ನೆ ನನಗೆ ಬಹಳ ಪ್ರೀತಿಯದು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನನ್ನ ಅವ್ವ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ದನಿ ಕೇಳಿದರೆ ಗಡಿಗೆಯ ಗುಣ ತಿಳಿಯುತ್ತದೆ, ಅಲ್ವಾ? ವಿಶ್ವೇಶ್ವರ ಅವರೂ ಕಪ್ಪುಕುಳಿಯನ್ನು ಹೀಗೆಯೇ ಬಡಿದು ನೋಡಿದರು, ಕಂಪ್ಯೂಟರಿನಲ್ಲಿ. ಗುರುತ್ವ ಅಲೆಗಳನ್ನು, ಅಂದರೆ ದೇಶ-ಕಾಲವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ತೆರೆಗಳನ್ನು, ಅದರ ಮೇಲೆ ಕಳಿಸಿದರು. ಅಗಲವಾದ ಅಲೆ ಕಳಿಸಿದಾಗ ಏನೂ ವಿಶೇಷ ಕಾಣಲಿಲ್ಲ. ಅಲೆಯನ್ನು ಗಿಡ್ಡ ಮಾಡುತ್ತ ಬಂದರು. ಅದು ಕುಳಿಯ ಅಳತೆಗೆ ಹತ್ತಿರ ಬಂದಾಗ ಕುಳಿ ದನಿ ಕೊಟ್ಟಿತು. ಗಂಟೆಯ ನಾದದಂತೆ, ಆದರೆ ಬಹಳ ಬೇಗ ಅಡಗಿಹೋಗುವ ಕಂಪನ. 1970ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಯಾರು ಬಡಿದರು, ಹೇಗೆ ಬಡಿದರು ಎಂಬುದು ಆ ಶ್ರುತಿಯನ್ನು ಬದಲಿಸುವುದಿಲ್ಲ. ಕುಳಿಯ ತೂಕ ಎಷ್ಟು, ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದಷ್ಟೇ ಅದನ್ನು ನಿರ್ಧರಿಸುತ್ತದೆ.

ಆದರೆ ಆ ದನಿಯನ್ನು ಕೇಳುವ ಕಿವಿ ಆಗ ಲೋಕದಲ್ಲೇ ಇರಲಿಲ್ಲ. ಅವರು ಊರಿಗೆ ಮರಳಿದರು. ರಾಮನ್ ಸಂಶೋಧನಾ ಸಂಸ್ಥೆ, ಆಮೇಲೆ ಭಾರತೀಯ ಖಭೌತ ಸಂಸ್ಥೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದರು. ಇಷ್ಟು ದೊಡ್ಡ ಲೆಕ್ಕ ಮಾಡಿದವರು ಶಾಲೆಯ ಮಕ್ಕಳಿಗೆ ನಕ್ಷತ್ರ ತೋರಿಸುವ ಕೆಲಸಕ್ಕೆ ಮನಸ್ಸು ಕೊಟ್ಟರಲ್ಲ, ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

2015ರ ಸೆಪ್ಟೆಂಬರ್ 14. ಇಂಥ ಅಲೆ ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಎರಡು ಲೈಗೋ ಕೇಂದ್ರಗಳಲ್ಲಿ ಮೊದಲ ಗುರುತ್ವ ಅಲೆ ಸಿಕ್ಕಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಒಂದರ ತೂಕ 36 ಸೂರ್ಯರಷ್ಟು, ಇನ್ನೊಂದರದು 29. ಉಳಿದದ್ದು 62. ಮಿಕ್ಕ 3 ಸೂರ್ಯರಷ್ಟು ತೂಕ ಅಲೆಯಾಗಿ ಹರಡಿಹೋಯಿತು. ಇಲ್ಲಿಗೆ ಬರುವಷ್ಟರಲ್ಲಿ ಅದು ಎಷ್ಟು ಸಣ್ಣದಾಗಿತ್ತೆಂದರೆ, ಲೈಗೋದ ಲೇಸರ್ ಓಡುವ 4 ಕಿಲೋಮೀಟರ್ ಉದ್ದದ ತೋಳು ಹೆಚ್ಚುಕಡಿಮೆ ಒಂದು ಪ್ರೋಟಾನಿನ ಸಾವಿರದ ಒಂದು ಪಾಲಿನಷ್ಟು ಮಾತ್ರ ಅಲುಗಿತು. ಆ ಅಲೆಯ ಬಾಲದಲ್ಲಿ ಕ್ಷೀಣವಾಗಿ ಇದ್ದದ್ದು ವಿಶ್ವೇಶ್ವರ ಹೇಳಿದ್ದ ಅದೇ ಕಂಪನ. ಸುದ್ದಿ ಹೊರಬಿದ್ದದ್ದು 2016ರ ಫೆಬ್ರವರಿ 11ರಂದು. ಮರುವರ್ಷ ಜನವರಿ 16ರಂದು ಅವರು ತೀರಿಕೊಂಡರು.

2025ರ ಸಂಕ್ರಾಂತಿ ನಿಮಗೆ ನೆನಪಿದೆಯೇ? ಜನವರಿ 14. ಇಲ್ಲಿ ನಾವೆಲ್ಲ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿದ್ದೆವು. ಅದೇ ದಿನ ಮಧ್ಯಾಹ್ನ ಇನ್ನೊಂದು ಅಲೆ ಭೂಮಿಯನ್ನು ಹಾದುಹೋಯಿತು. ಹೆಚ್ಚುಕಡಿಮೆ ಮೊದಲಿನಂಥದ್ದೇ ಜೋಡಿ, ಅಷ್ಟೇ ದೂರ. ಆದರೆ 10 ವರ್ಷದಲ್ಲಿ ಯಂತ್ರದ ಕಿವಿ ಚುರುಕಾಗಿತ್ತು. ಸುಮಾರು 3 ಪಟ್ಟು ಸ್ಪಷ್ಟವಾಗಿ ಕೇಳಿಸಿತು. ಬಾಲದ ಕಂಪನದಲ್ಲಿ ಒಂದಲ್ಲ, ಎರಡು ಸ್ವರ ಬಿಡಿಬಿಡಿಯಾಗಿ ಗುರುತಿಸಲು ಸಾಧ್ಯವಾಯಿತು.

ಇನ್ನು ಮುಂದೆ ಇಂಥ ಕಿವಿ ನಮ್ಮ ಹತ್ತಿರವೂ ಬರಲಿದೆ. ಮಹಾರಾಷ್ಟ್ರದ ಔಂಢಾ ನಾಗನಾಥಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಇರಬಹುದು. ಅದೇ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ಕಟ್ಟಲು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸುಮಾರು 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಲೇಸರ್ ಬಲ್ಲವರು ಬೇಕು, ನಿರ್ವಾತ ಕೊಳವೆ ಬಲ್ಲವರು ಬೇಕು, ಕಂಪ್ಯೂಟರ್ ಬಲ್ಲವರೂ ಬೇಕು. ಬರೀ ಲೆಕ್ಕದ ಹುಲಿಗಳಿಗೆ ಮಾತ್ರ ಈ ದಾರಿ ಎಂದು ಮಕ್ಕಳಿಗೆ ಸುಮ್ನೆ ಹೆದರಿಸಬೇಡಿ.

ಆ ಹುಡುಗಿ ಈಗ ಬಿಎಸ್‌ಸಿ ಓದುತ್ತಿದ್ದಾಳೆ. ಮೊನ್ನೆ ಮನೆಗೆ ಬಂದಿದ್ದಳು. “ಸರ, ದೊಡ್ಡ ಗಡಗಿ ದನಿ ದಪ್ಪ ಇರ್ತೈತಿ. ದೊಡ್ಡ ಕುಳಿದೂ ಹಂಗ ಏನ್ರಿ?” ಹೌದು ಎಂದೆ. ಕೂತು ಲೆಕ್ಕ ಮಾಡಿದೆವು. ನಮ್ಮ ಆಕಾಶಗಂಗೆಯ ನಡುವಿನ ಕುಳಿಯ ತೂಕ ಸುಮಾರು 40 ಲಕ್ಷ ಸೂರ್ಯರಷ್ಟು. ಅಂಥದ್ದು ಒಂದು ಸಲ ಕಂಪಿಸಲು ಕೆಲವು ನಿಮಿಷಗಳೇ ಬೇಕು. ಅಷ್ಟು ದಪ್ಪ ದನಿ ಹಿಂಗೋಲಿಯ ಯಂತ್ರಕ್ಕೂ ಕೇಳಿಸದು. ಅದಕ್ಕಾಗಿ ಯುರೋಪಿನವರು ಬಾಹ್ಯಾಕಾಶದಲ್ಲಿ ಲೀಸಾ ಎಂಬ ಯಂತ್ರ ಹೂಡಲಿದ್ದಾರೆ. ಅದರ ತೋಳು 25 ಲಕ್ಷ ಕಿಲೋಮೀಟರ್. ಹಾರಿಸುವುದು 2035ರಲ್ಲಿ ಎಂದು ಗೊತ್ತುಮಾಡಿದ್ದಾರೆ.

ಅವಳು ಬೆರಳು ಮಡಚಿ ಎಣಿಸಿದಳು. “ಆಗ ನನಗ ಇಪ್ಪತ್ತೇಳ್ರಿ ಸರ” ಎಂದಳು.

ನಮಸ್ಕಾರ.