ಕೊಸರು ಕೊಡುವ ಅಂಗಡಿಗಳು

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನನ್ನ ಮಗ ಒಂದು ಹೊಸ ಪದ ಕಲಿತ. ಆಗ ಅವನಿಗೆ ನಾಲ್ಕು ವರ್ಷ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿ ರಸ್ತೆಯಲ್ಲಿ ಕಾಲಿಡಲು ಜಾಗ ಇಲ್ಲ. ಕಡಲೆಕಾಯಿ ರಾಶಿಯ ಮುಂದೆ ಕೂತಿದ್ದ ಅಜ್ಜಿ ಸೇರಿನಲ್ಲಿ ಅಳೆದು ನಮ್ಮ ಚೀಲಕ್ಕೆ ಸುರಿದರು. ನಮ್ಮಮ್ಮ ಚೀಲದ ಬಾಯಿ ಮುಚ್ಚಲೇ ಇಲ್ಲ. 'ಕೊಸರು ಹಾಕಮ್ಮಾ' ಅಂದರು. ಅಜ್ಜಿ ಗೊಣಗುತ್ತಲೇ ಇನ್ನೊಂದು ಹಿಡಿ ಎತ್ತಿ ಹಾಕಿದರು. ಆಮೇಲೆ ಮಗನ ಮುಖ ನೋಡಿ, ಅವನ ಜೇಬಿಗೂ ನಾಲ್ಕು ಕಾಯಿ ತುರುಕಿದರು.

ಅವತ್ತಿನಿಂದ ಅವನು ಎಲ್ಲಿ ಹೋದರೂ ಕೊಸರು ಕೇಳುತ್ತಾನೆ. ಎಟಿಎಂ ಮುಂದೆ ನಿಂತೂ ಕೇಳಿದ್ದಾನೆ.

ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು ಅಂತ ಗೆಳತಿಯರು ನನ್ನನ್ನು ಕೇಳುತ್ತಾರೆ. ಪ್ಲೇ ಏರಿಯಾ ಇರುವ ಯಾವುದೋ ಮಾಲ್ ಹೆಸರು ಬರುತ್ತದೆ ಅಂದುಕೊಂಡಿರುತ್ತಾರೆ. ನಾನು ಹೇಳುವುದು ಗಾಂಧಿ ಬಜಾರು, ಶಂಕರಪುರ, ವಿ.ವಿ. ಪುರಂ. ಯಾಕೆ ಅಂದರೆ ನಾನು ನೋಡುವುದು ಒಂದೇ. ಮಗು ಬಂದು ನಿಂತಾಗ ಗಲ್ಲಾದ ಹಿಂದಿರುವವರು ಅದನ್ನು ಗಿರಾಕಿ ಅಂತ ನೋಡುತ್ತಾರಾ, ಇಲ್ಲ ನನ್ನ ಜೊತೆ ಬಂದ ಲಗೇಜು ಅಂತ ನೋಡುತ್ತಾರಾ?

'ಮಕ್ಕಳಿಗಾಗಿಯೇ' ಅಂತ ಬೋರ್ಡು ಹಾಕಿದ ಒಂದು ಹೋಟೆಲಿಗೆ ನಾವೂ ಹೋಗಿದ್ದೆವು. ಹೆಸರು ಬೇಡ ಬಿಡಿ. ಮಕ್ಕಳ ಮೆನು, ಬಣ್ಣದ ಪೆನ್ಸಿಲ್ಲು, ಮೂಲೆಯಲ್ಲಿ ಜಾರುಬಂಡೆ, ಎಲ್ಲ ಇತ್ತು. ಪಾಸ್ತಾ ಬರಲು ಮುಕ್ಕಾಲು ಗಂಟೆ ಆಯಿತು. ಅಷ್ಟರಲ್ಲಿ ಒಬ್ಬರು ನಿದ್ದೆ ಹೋಗಿದ್ದರು, ಇನ್ನೊಬ್ಬರು ಟೇಬಲ್ ಕೆಳಗೆ ಸೇರಿದ್ದರು. ಮಕ್ಕಳಿಗೆ ಬೇಕಾದದ್ದು ಜಾರುಬಂಡೆ ಅಲ್ಲ ಸ್ವಾಮಿ, ತಟ್ಟೆ ಬೇಗ ಬರಬೇಕು.

ಅದಕ್ಕೇ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನನಗೆ ಇಷ್ಟ. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚುಕಮ್ಮಿ ಇಷ್ಟೇ. ಸಾಂಬಾರ್ ಕೂಡ ಇಲ್ಲ. 'ಏನು ತಿನ್ನುತ್ತೀಯಾ ಪುಟ್ಟಾ' ಅಂತ ಹತ್ತು ನಿಮಿಷ ರಾಜಿ ಪಂಚಾಯಿತಿ ಮಾಡುವ ಕೆಲಸವೇ ಇಲ್ಲ. ಚೀಟಿ ಕೊಟ್ಟು ಕೈ ಚಾಚಿದರೆ ತಟ್ಟೆ ಬಂತು. ರಸ್ತೆ ಬದಿಯಲ್ಲೇ ನಿಂತು ತಿನ್ನಬೇಕು. ಚಟ್ನಿ ಮುಗಿದರೆ ಮತ್ತೆ ಹಾಕುತ್ತಾರೆ, ಮತ್ತೆ ಮುಗಿದರೆ ಮತ್ತೆ. ನನ್ನ ಮಗನ ಪ್ರಕಾರ ಊರಿನಲ್ಲಿ ಸರಿಯಾಗಿ ಕೊಸರು ಕೊಡುವ ಹೋಟೆಲು ಅದೊಂದೇ. ಭಾನುವಾರ ರಜೆ, ನೆನಪಿರಲಿ.

ರಜೆ ಅಂದಾಗ ನನ್ನ ಒಂದು ಪೆದ್ದುತನ ಹೇಳಲೇಬೇಕು. ಪರೀಕ್ಷೆ ಮುಗಿದ ದಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ಹೋದೆವು. ಬಾಗಿಲು ಹಾಕಿತ್ತು. ಅವತ್ತು ಶುಕ್ರವಾರ! ಅಲ್ಲಿ ಶುಕ್ರವಾರ ರಜೆ ಅಂತ ಬಸವನಗುಡಿಯ ಕಾಗೆಗೂ ಗೊತ್ತು, ನನಗೆ ಮರೆತಿತ್ತು. ಮಗಳು ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಸಾಲದಲ್ಲಿದ್ದ ದೋಸೆ ತೀರಿಸಿದೆ. 1943ರಲ್ಲಿ ಸುತ್ತಲಿನ ಶಾಲೆ ಹುಡುಗರನ್ನು ನಂಬಿ ಶುರುವಾದ ಹೋಟೆಲು ಅದು, ಹೆಸರೇ ಹೇಳುತ್ತದಲ್ಲ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ಚಿತ್ರಗಳಿವೆ. 'ಇವರೆಲ್ಲ ಯಾರು, ಓನರಿನ ತಾತಂದಿರಾ?' ಅಂತ ಮಗ ಕೇಳಿದ. ಪಕ್ಕದ ಟೇಬಲಿನ ಹಿರಿಯರು ನಕ್ಕು, ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋದರು. ಅವನ ಕಣ್ಣು ಮಾತ್ರ ಮಾಣಿಯ ತೋಳಿನ ಮೇಲಿತ್ತು. ಒಂದರ ಮೇಲೊಂದು ದೋಸೆ ತಟ್ಟೆ ಜೋಡಿಸಿಕೊಂಡು ಬರುತ್ತಾರಲ್ಲ, ಅದನ್ನು ನೋಡುವಾಗ ಮಕ್ಕಳಿಗೆ ಮೊಬೈಲ್ ನೆನಪೇ ಆಗುವುದಿಲ್ಲ.

ಈಗ ಬೇಕರಿಗೆ ಬರೋಣ. ನನ್ನ ಜೀವ ಇರುವುದು ಇಲ್ಲೇ.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹಾಸನದ ಕಡೆಯದು. ಚಿಕ್ಕಪೇಟೆಯಲ್ಲಿ 1898ರಲ್ಲೇ ಬಿ.ಬಿ. ಬೇಕರಿ ಶುರುವಾಗಿತ್ತು. ವಿ.ವಿ. ಪುರಂನ ವಿ.ಬಿ. ಬೇಕರಿ 1953ರದ್ದು. ಮೊಟ್ಟೆ ಹಾಕದ ಕೇಕು, ಖಾರಾ ಬನ್ನು, ಪಲ್ಯದ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಜಾಮ್ ಬಳಿದು ಕೊಬ್ಬರಿ ಉದುರಿಸಿದ ಹನಿ ಕೇಕ್. ಸಂಜೆ ಆ ಒಲೆಯ ಬಾಗಿಲು ತೆಗೆದಾಗ ಬರುವ ವಾಸನೆಗೆ ಅರ್ಧ ಬೀದಿ ತಿರುಗಿ ನೋಡುತ್ತದೆ.

ನಮ್ಮ ಮನೆಯಲ್ಲಿ ಮಕ್ಕಳು ಬೆಳೆದದ್ದನ್ನು ನಾವು ಗೋಡೆಗೆ ಗೆರೆ ಎಳೆದು ಅಳೆಯುವುದಿಲ್ಲ, ಬೇಕರಿ ತಿಂಡಿಯಲ್ಲಿ ಅಳೆಯುತ್ತೇವೆ. ಹಲ್ಲು ಬರುವಾಗ ರಸ್ಕು. ನಡೆಯಲು ಕಲಿತ ಮೇಲೆ ಬೆಣ್ಣೆ ಬಿಸ್ಕತ್ತು. ಶಾಲೆಗೆ ಸೇರಿದಾಗ ಹನಿ ಕೇಕು. ಮೂಗು ಸೊರ್ ಸೊರ್ ಅನ್ನುತ್ತಿದ್ದರೂ ನೀರು ಕೇಳದೆ ಖಾರಾ ಬನ್ನು ಪೂರ್ತಿ ತಿಂದರೆ, ಆಗ ದೊಡ್ಡವರಾದರು ಅಂತ ಲೆಕ್ಕ. ಮಗಳು ಏಳಕ್ಕೇ ಪಾಸಾದಳು. ಮಗ ಇನ್ನೂ ಹಸಿಮೆಣಸಿನಕಾಯಿ ಆರಿಸಿ ನನ್ನ ಕೈಗೆ ಇಡುತ್ತಾನೆ.

ಕಾಂಗ್ರೆಸ್ ಕಡಲೆಬೀಜವನ್ನು ಮಗಳೇ ಆರಿಸಿಕೊಂಡಳು. 'ಪಾರ್ಟಿಗೂ ಕಡಲೆಬೀಜಕ್ಕೂ ಏನಮ್ಮಾ ಸಂಬಂಧ?' ಅಂದಳು. 1969ರಲ್ಲಿ ಕಾಂಗ್ರೆಸ್ ಎರಡಾಯಿತು, ಹೋಳಾದ ಕಡಲೆಬೀಜಕ್ಕೂ ಅದೇ ಹೆಸರು ಬಿತ್ತು ಅನ್ನುವುದು ಊರಲ್ಲಿ ಓಡಾಡುವ ಕತೆ. ಆ ಜಗಳ ಕಾವೇರಿದ್ದು ಇಲ್ಲೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲಿ. ಬೇಕರಿಯಿಂದ ನಡೆದುಹೋಗುವಷ್ಟು ದೂರ. ಕಾಗದದ ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಕತೆಯೂ ಮುಗಿದಿತ್ತು.

ಬರೀ ಮೈದಾ, ಡಾಲ್ಡಾ ಅಂತ ನೀವು ಬೈಯಬಹುದು. ನಮ್ಮ ಮನೆಯಲ್ಲೂ ಬೈಯುವವರು ಇದ್ದಾರೆ. ಅವರೂ ಪಲ್ಯದ ಬನ್ನು ತರಲು ಹೇಳಿ ಕಳಿಸುತ್ತಾರೆ, ಬೇರೆ ಮಾತು.

ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುವಾಗ ಮಗಳು ಇನ್ನೊಂದು ವಿಷಯ ಕಂಡುಹಿಡಿದಳು. ಮೊಳ ಅಂದರೆ ಅವರವರ ಕೈಯ ಅಳತೆ ಅಲ್ವಾ? ಹಾಗಾದರೆ ಕೈ ಉದ್ದ ಇರುವ ಅಜ್ಜಿಯ ಹತ್ತಿರವೇ ತಗೋಬೇಕು ಅಂತ ಅವಳ ತೀರ್ಮಾನ. ಗಟ್ಟಿಯಾಗಿಯೇ ಹೇಳಿಬಿಟ್ಟಳು. ನನಗೆ ನಾಚಿಕೆ. ಗಿಡ್ಡಕ್ಕಿದ್ದ ಹೂವಿನಮ್ಮ ಮಾತ್ರ 'ಬಾ ಕಂದಾ, ನಿನ್ ಕೈಯಲ್ಲೇ ಅಳಿ' ಅಂದರು. ಇವಳ ಮೊಳ ಅವರದಕ್ಕಿಂತ ಚಿಕ್ಕದಾಯಿತು! ಹೂವಿನಮ್ಮ ನಕ್ಕು ಎರಡು ಬೆರಳು ಹೂ ಜಾಸ್ತಿಯೇ ಬಿಟ್ಟು ಕತ್ತರಿಸಿದರು.

ಕಾಫಿಪುಡಿ ಅಂಗಡಿಯಲ್ಲೂ ಹೀಗೇ. 'ಅರ್ಧ ಕೆಜಿ, ಹತ್ತು ಪರ್ಸೆಂಟ್ ಚಿಕೋರಿ' ಅಂತ ಮೊದಲು ಬಾಯಿಪಾಠ ಮಾಡಿದ್ದಳು. ಒಂದು ದಿನ ಅಂಗಡಿಯವರು 'ಹಾಗಾದ್ರೆ ಚಿಕೋರಿ ಎಷ್ಟು ಗ್ರಾಂ ಹಾಕಲಿ ಪುಟ್ಟೀ?' ಅಂತ ಕೇಳಿದರು. ಯಂತ್ರ ನಿಲ್ಲಿಸಿ ಕಾದರು. ಹಿಂದೆ ಮೂರು ಜನ ಕ್ಯೂ. ಐವತ್ತು ಅಂತ ಉತ್ತರ ಬರುವವರೆಗೂ ಪುಡಿ ಬೀಸಲಿಲ್ಲ. ಶಾಲೆಯಲ್ಲಿ ಶೇಕಡಾ ಪಾಠ ಬಂದಿದ್ದು ಅದಾದ ಎಷ್ಟೋ ದಿನಕ್ಕೆ.

ಸುಬ್ಬಮ್ಮನ ಅಂಗಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೋರ್ಡಿನ ಮೇಲೆ ಶ್ರೀನಿವಾಸ ಕಾಂಡಿಮೆಂಟ್ಸ್, ಶುರುವಾಗಿದ್ದು 1948ರಲ್ಲಿ, ಆದರೂ ಎಲ್ಲರ ಬಾಯಲ್ಲೂ ಸುಬ್ಬಮ್ಮನ ಅಂಗಡಿಯೇ. ಕೋಡುಬಳೆ, ಹಪ್ಪಳ, ಚಟ್ನಿಪುಡಿ. ಪರದೇಶದಲ್ಲಿರುವ ನನ್ನ ತಂಗಿ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಜಾಸ್ತಿ ಜಾಗ ಇದಕ್ಕೇ ಇಡುತ್ತಾಳೆ.

ಕಷ್ಟ ಇಲ್ಲವಾ? ಇದೆ. ಮಗುವಿನ ತಳ್ಳುಗಾಡಿ ಈ ಕಡೆ ತರಲೇಬೇಡಿ, ಸ್ಕೂಟರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕಾರಿಗೆ ಜಾಗ ಹುಡುಕುವಷ್ಟರಲ್ಲಿ ಮಗುವಿಗೆ ಹಸಿವು ಸತ್ತಿರುತ್ತದೆ. ಮನೆಯಿಂದ ಹೊರಡುವ ಮುಂಚೆ ಎಲ್ಲರೂ ಬಚ್ಚಲಿಗೆ ಹೋಗಿ ಬರಬೇಕು, ಇದು ನಮ್ಮ ಮನೆಯ ಕಾನೂನು. ಹತ್ತು ನಿಮಿಷದಲ್ಲಿ ಸಾಮಾನು ತರುವ ಆ್ಯಪು ನನ್ನ ಫೋನಿನಲ್ಲೂ ಇದೆ. ರಾತ್ರಿ ಹನ್ನೊಂದಕ್ಕೆ 'ನಾಳೆ ಚಾರ್ಟ್ ಪೇಪರ್ ಬೇಕು' ಅಂತ ಮಗಳು ಹೇಳಿದಾಗ ಅದೇ ದೇವರು. ಆದರೆ ಬ್ರೆಡ್ಡು, ಕೊತ್ತಂಬರಿ, ಕಾಫಿಪುಡಿ ಅದರಲ್ಲಿ ತರಿಸುವುದನ್ನು ನಾನು ನಿಲ್ಲಿಸಿದ್ದೇನೆ. ಮನೆ ಬಾಗಿಲಲ್ಲಿ ಚೀಲ ಇಟ್ಟು ಓಡುವ ಹುಡುಗನಿಗೆ ನನ್ನ ಮಗುವಿನ ಮುಖ ನೋಡಲೂ ಪುರುಸೊತ್ತಿಲ್ಲ. ಅವನ ತಪ್ಪಲ್ಲ, ಗಡಿಯಾರ ಅವನ ಬೆನ್ನ ಮೇಲೇ ಇರುತ್ತದೆ.

ಹೋದ ತಿಂಗಳು ಮಗಳನ್ನು ಮೊದಲ ಸಲ ಒಬ್ಬಳನ್ನೇ ನಮ್ಮ ರಸ್ತೆ ಕೊನೆಯ ಬೇಕರಿಗೆ ಕಳಿಸಿದೆ. ಒಂಬತ್ತು ವರ್ಷ. ಕೈಯಲ್ಲಿ ನೂರರ ನೋಟು. ಒಂದು ಬ್ರೆಡ್ಡು, ನಾಲ್ಕು ಖಾರಾ ಬನ್ನು. ನಾನು ಗೇಟಿನ ಹತ್ತಿರ ಸುಮ್ನೆ ಗಿಡಕ್ಕೆ ನೀರು ಹಾಕುವವಳ ಹಾಗೆ ನಿಂತಿದ್ದೆ. ಗಿಡ ಕೊಳೆಯುವಷ್ಟು ನೀರು ಹಾಕಿದೆ.

ಬಂದಳು. ಚಿಲ್ಲರೆ ಸರಿ ಇತ್ತು. ಮೂರೂವರೆ ಬನ್ನು. ತಮ್ಮನಿಗೆ ಅಂತ ಅಂಕಲ್ ಒಂದು ಬೆಣ್ಣೆ ಬಿಸ್ಕತ್ತು ಕೊಟ್ಟಿದ್ದರು. ಬ್ರೆಡ್ಡು ಮಾತ್ರ ಇಡೀ ದಿಂಡು ಹಾಗೇ ಇತ್ತು.

'ಸ್ಲೈಸ್ ಮಾಡಿಕೊಡ್ಲಾ ಅಂತ ಕೇಳಲಿಲ್ವಾ?'

'ಕೇಳಿದ್ರು. ನೀನು ಹೇಳಿರಲಿಲ್ಲ, ಬೇಡ ಅಂದೆ.'

ಅವತ್ತು ರಾತ್ರಿ ಚಾಕು ಹಿಡಿದು ನಾನೇ ಕುಯ್ದೆ. ಒಂದು ಕಡೆ ಎರಡು ಬೆರಳು ದಪ್ಪ, ಇನ್ನೊಂದು ಕಡೆ ಹಪ್ಪಳ.