ಹುಳುವಿಗೆ ನೆನಪಿಲ್ಲ, ಮೈಗೆ ಇದೆ

ಕೇಳುಗರಿಗೆ ನಮಸ್ಕಾರ. ನಮ್ಮೂರು ಶಿಡ್ಲಘಟ್ಟದ ಪಕ್ಕ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಇವತ್ತು ಮಾತಾಡಬೇಕಿರುವುದು ನಮ್ಮ ಮೈಯ ರೋಗನಿರೋಧಕ ಶಕ್ತಿಯ ಬಗ್ಗೆ. ಆದರೆ ಅದು ನನ್ನ ತಲೆಗೆ ಹೋಗಿದ್ದು ಹುಳು ಮನೆಯಲ್ಲಿ ನಿಂತಾಗ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ. ಹುಳು ಸಾಕುವವರಿಗೆ ಈ ನಾಲ್ಕು ಹೆಸರು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಹಾಲುತೊಂಡೆ ವೈರಸ್‌ನಿಂದ ಬರುತ್ತದೆ. ಸಪ್ಪೆಯಲ್ಲಿ ಬ್ಯಾಕ್ಟೀರಿಯಾದ ಕೈವಾಡ ಜಾಸ್ತಿ. ಸುಣ್ಣಕಟ್ಟು ಅಂದರೆ ಬೂಷ್ಟು. ಗಂಟು ರೋಗದ್ದು ಬೇರೆಯೇ ಕಥೆ, ಅದು ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಬರುವ ಸೂಕ್ಷ್ಮ ಪರಾವಲಂಬಿ. ಲೂಯಿ ಪಾಶ್ಚರ್ ಇದ್ದರಲ್ಲ, ಅವರು ಹುಚ್ಚುನಾಯಿ ಕಡಿತದ ಲಸಿಕೆಗೆ ಕೈಹಾಕುವುದಕ್ಕೆ ಎಷ್ಟೋ ಮುಂಚೆ, 1865ರಲ್ಲಿ, ಫ್ರಾನ್ಸಿನ ಹುಳು ಮನೆಗಳಲ್ಲಿ ಇದೇ ಗಂಟು ರೋಗದ ಬೆನ್ನು ಬಿದ್ದಿದ್ದರು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆ ಬಿಸಾಕಿ ಅಂದರು. ಇವತ್ತು ನಾವು ತರುವ ರೋಗರಹಿತ ಮೊಟ್ಟೆಯ ಹಿಂದೆ ಇರುವುದೂ ಅದೇ ಪರೀಕ್ಷೆ.

ನಾಲ್ಕಕ್ಕೂ ಒಂದೇ ಮದ್ದು ನಡೆಯುವುದಿಲ್ಲ ಅಂತ ನಮಗೆ ಗೊತ್ತು. ನಮ್ಮ ಮೈಗೂ ಅದು ಗೊತ್ತು.

ಹೋದ ವರ್ಷ ತೋಟದಲ್ಲಿ ಹಿಪ್ಪುನೇರಳೆ ಕೂಳೆ ಕಾಲಿಗೆ ಚುಚ್ಚಿತು. ಸುಮ್ನೆ ಬಿಟ್ಟೆ, ತಪ್ಪು ನನ್ನದೇ. ಎರಡು ದಿನಕ್ಕೆ ಪಾದ ಕೆಂಪಾಗಿ, ಮುಟ್ಟಿದರೆ ಬಿಸಿ ಹತ್ತುವಂತಾಗಿ, ಊದಿಕೊಂಡು ಕೀವು ಕಟ್ಟಿತು. ಕೀವು ಅಂದರೆ ಕೊಳಕು ಅಂತ ಮುಖ ಸಿಂಡರಿಸುತ್ತೇವೆ, ಅಲ್ವಾ? ಅದರಲ್ಲಿ ಬಹುಪಾಲು ನಮ್ಮದೇ ಬಿಳಿ ರಕ್ತಕಣಗಳ ಹೆಣ. ನ್ಯೂಟ್ರೋಫಿಲ್ ಅಂತ ಅವುಗಳ ಹೆಸರು. ಗಾಯದ ಹತ್ತಿರ ರಕ್ತನಾಳ ಹಿಗ್ಗುತ್ತದೆ, ಅದಕ್ಕೇ ಆ ಕೆಂಪು, ಆ ಬಿಸಿ. ನಾಳದ ಗೋಡೆಯ ಸಂದಿಯಿಂದ ಇವು ನುಸುಳಿ ಬಂದು ಬ್ಯಾಕ್ಟೀರಿಯಾವನ್ನು ನುಂಗಿ, ತಾವೂ ಅಲ್ಲೇ ಸಾಯುತ್ತವೆ. ಇವುಗಳ ಆಯಸ್ಸು ಹೆಚ್ಚುಕಮ್ಮಿ ಒಂದು ದಿನ. ಅದಕ್ಕೇ ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ಹುಟ್ಟಿಸುತ್ತಲೇ ಇರುತ್ತದೆ, ನಾವು ಮಲಗಿದ್ದರೂ.

ವೈರಸ್ ಹತ್ತಿರ ಈ ಆಟ ಸಾಲದು. ಅದು ನಮ್ಮ ಜೀವಕೋಶದ ಒಳಗೇ ಸೇರಿ, ನಮ್ಮ ಸಾಮಾನಿನಲ್ಲೇ ತನ್ನ ಮರಿ ಮಾಡಿಸಿಕೊಳ್ಳುತ್ತದೆ. ಹೊರಗಿನಿಂದ ನುಂಗುವುದು ಹೇಗೆ? ಮೊದಲು, ಸಿಕ್ಕಿಬಿದ್ದ ಜೀವಕೋಶ ಇಂಟರ್‌ಫೆರಾನ್ ಅನ್ನುವ ಪ್ರೋಟೀನು ಹೊರಗೆ ಬಿಟ್ಟು ಅಕ್ಕಪಕ್ಕದವರಿಗೆ ಬಾಗಿಲು ಹಾಕಿಕೊಳ್ಳಿ ಅಂತ ಸುದ್ದಿ ಮುಟ್ಟಿಸುತ್ತದೆ. 1957ರಲ್ಲಿ ಇದು ಪತ್ತೆಯಾಯಿತು. ಆಮೇಲೆ ಟಿ ಕಣ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬರುತ್ತವೆ. ನಮ್ಮ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳೂ ಒಳಗೆ ಏನು ತಯಾರಾಗುತ್ತಿದೆ ಅನ್ನುವುದರ ಚೂರನ್ನು ಮೈಮೇಲೆ ಇಟ್ಟು ತೋರಿಸುತ್ತಿರುತ್ತವೆ. ಗೂಡು ಮಾರುಕಟ್ಟೆಯಲ್ಲಿ ರೀಲರು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ, ಹಾಗೆ ಟಿ ಕಣ ಆ ಚೂರನ್ನು ಮುಟ್ಟಿ ನೋಡುತ್ತದೆ. ವೈರಸ್ಸಿನ ಚೂರು ಸಿಕ್ಕರೆ ಆ ಕೋಶವನ್ನೇ ಮುಗಿಸುತ್ತದೆ. ನಮ್ಮದೇ ಕೋಶ, ಆದರೂ.

ನಮ್ಮಮ್ಮ ಮಾಡುವುದೂ ಇದನ್ನೇ. ಹಾಲುತೊಂಡೆ ಬಂದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹತ್ತುತ್ತದೆ. ಮೈ ಉಬ್ಬಿ ಮಿರಮಿರ ಅನ್ನುತ್ತಿರುತ್ತದೆ, ಚರ್ಮ ಒಡೆದರೆ ಹಾಲಿನಂಥ ರಸ. ಆ ರಸ ಬಿದ್ದ ಸೊಪ್ಪು ತಿಂದ ಹುಳುವೂ ಹೋಯಿತು. "ಸೊಪ್ಪು ಆಮೇಲೆ ಹಾಕೋ, ಮೊದಲು ಅಂಚು ನೋಡು" ಅಂತ ಅಮ್ಮ ಗದರುತ್ತಿದ್ದರು. ಒಂದೊಂದನ್ನೇ ಆರಿಸಿ ಬ್ಲೀಚಿಂಗ್ ಪೌಡರ್ ನೀರಿಗೆ ಹಾಕುತ್ತಿದ್ದರು.

ಬೂಷ್ಟಿನ ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ಮೈ 37 ಡಿಗ್ರಿ ಬಿಸಿ, ಬಹಳಷ್ಟು ಬೂಷ್ಟುಗಳಿಗೆ ಅದು ಒಗ್ಗುವುದಿಲ್ಲ. ಅದಕ್ಕೇ ಅವು ಚರ್ಮದ ಮೇಲೆ, ಬೆರಳ ಸಂದಿಯಲ್ಲಿ ಉಳಿದುಬಿಡುತ್ತವೆ. ನಾವು ಹುಳುಕಡ್ಡಿ ಅನ್ನುತ್ತೇವಲ್ಲ, ಅದರಲ್ಲಿ ಹುಳುವೂ ಇಲ್ಲ ಕಡ್ಡಿಯೂ ಇಲ್ಲ, ಬರೀ ಬೂಷ್ಟು. ನಿಜವಾದ ಹುಳು ಇರುವುದು ಮಕ್ಕಳ ಹೊಟ್ಟೆಯಲ್ಲಿ. ಅಷ್ಟು ದೊಡ್ಡದನ್ನು ಯಾವ ಕಣವೂ ನುಂಗಲಾರದು. ಇಯೊಸಿನೋಫಿಲ್ ಅನ್ನುವ ಕಣಗಳು ಅದಕ್ಕೆ ಮುತ್ತಿಕೊಂಡು ವಿಷ ಉಗುಳುತ್ತವೆ, ಕರುಳು ಲೋಳೆ ಸುರಿಸಿ ತಳ್ಳಲು ನೋಡುತ್ತದೆ. ಎಷ್ಟೋ ಸಲ ಹುಳುವೇ ಗೆಲ್ಲುತ್ತದೆ. ಶಾಲೆ, ಅಂಗನವಾಡಿಯಲ್ಲಿ ಫೆಬ್ರವರಿ 10, ಆಗಸ್ಟ್ 10ರಂದು ಕೊಡುವ ಆಲ್ಬೆಂಡಜೋಲ್ ಮಾತ್ರೆ ಅದಕ್ಕೇ.

ಈಗ ಹುಳುವಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬರುತ್ತೇನೆ. ರೇಷ್ಮೆ ಹುಳುವಿನ ರಕ್ತದಲ್ಲೂ ನುಂಗುವ ಕಣಗಳಿವೆ. ಊಜಿ ನೊಣದ ಮರಿ ಮೈ ಕೊರೆದು ಒಳಹೋದ ಜಾಗದಲ್ಲಿ ಕಪ್ಪು ಕಲೆ ಕಾಣುತ್ತದಲ್ಲ, ಅದೂ ಹುಳುವಿನ ಹೋರಾಟದ ಗುರುತೇ. ಆದರೆ ನಮಗಿರುವಂಥ ಪ್ರತಿಕಾಯ, ಅಂದರೆ ಒಂದೊಂದು ರೋಗಾಣುವನ್ನೇ ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು, ಅದಕ್ಕಿಲ್ಲ. ಹೊಸ ರೋಗಾಣುವಿಗೆ ಸರಿಹೊಂದುವ ಪ್ರತಿಕಾಯ ತಯಾರಿಸಲು ನಮ್ಮ ಮೈಗೇ ಒಂದೆರಡು ವಾರ ಹಿಡಿಯುತ್ತದೆ. ಒಮ್ಮೆ ಕಲಿತದ್ದನ್ನು ಮೈ ನೆನಪಿಟ್ಟುಕೊಳ್ಳುತ್ತದೆ. ಹುಳುವಿನ ಬದುಕೇ 25 ದಿನ, ಕಲಿಯಲು ಪುರುಸೊತ್ತೆಲ್ಲಿ? ಅದರ ಪರವಾಗಿ ನೆನಪಿಟ್ಟುಕೊಳ್ಳುವವರು ನಾವು. ಹೋದ ಬೆಳೆಗೆ ಯಾವ ರೋಗ ಬಂತು, ಯಾವ ಮೂಲೆಯ ತಟ್ಟೆಯಿಂದ ಶುರುವಾಯಿತು ಅಂತ.

ನಮ್ಮ ಮೈಯ ನೆನಪೂ ಒಂದೇ ಸಮ ಇಲ್ಲ. ಧನುರ್ವಾಯು ಬಂದು ಬದುಕಿದವರಿಗೂ ಅದು ಮತ್ತೆ ಬರಬಹುದು, ಯಾಕೆಂದರೆ ಜೀವ ತೆಗೆಯುವ ಆ ವಿಷ ಎಷ್ಟು ಕಡಿಮೆ ಅಂದರೆ ಮೈ ಅದನ್ನು ಗುರುತು ಹಿಡಿದು ಕಲಿಯುವುದೇ ಇಲ್ಲ. ಕಲಿಸುವುದು ಇಂಜೆಕ್ಷನ್. (ಕೂಳೆ ಚುಚ್ಚಿದಾಗ ನಾನು ಅದನ್ನೂ ತಡವಾಗಿ ಹಾಕಿಸಿಕೊಂಡೆ, ಹೇಳಿಕೊಳ್ಳಲು ನಾಚಿಕೆ.) ಚಿಕ್ಕಂದಿನಲ್ಲಿ ಅಮ್ಮ ಆಗುತ್ತದಲ್ಲ, ಸೀತಾಳೆ ಸಿಡುಬು, ಅದು ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆದರೆ ಆ ವೈರಸ್ ಹೋಗಿರುವುದೂ ಇಲ್ಲ. ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ ಟಿ ಕಣಗಳ ಕಾವಲು ಸಡಿಲವಾದಾಗ ಆ ನರದ ಗುಂಟ ಇಳಿದು ಬರುತ್ತದೆ. ಅದೇ ಸರ್ಪಸುತ್ತು.

ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಈ ಸಲ ಮೂರನೇ ಜ್ವರದಿಂದ ಹುಳು ಎದ್ದ ದಿನವೇ ನಮ್ಮಮ್ಮನಿಗೆ ಸರ್ಪಸುತ್ತು ಬಂತು. ಸೊಂಟದ ಎಡಗಡೆ ಸಾಲು ಗುಳ್ಳೆ. ಹಾವಿನ ತಲೆ ಬಾಲ ಕೂಡಿದರೆ ಕಷ್ಟ, ಕೆಮ್ಮಣ್ಣು ಹಚ್ಚಿ ಅಂತ ಬೀದಿಯವರೆಲ್ಲ ಹೇಳಿದರು. ಒಂದು ನರ ಮೈಯ ಒಂದೇ ಪಕ್ಕಕ್ಕೆ ಹೋಗುವುದರಿಂದ ಗುಳ್ಳೆ ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ, ಹೆದರಬೇಡಿ ಅಂದೆ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು ಅಂತ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸೀತಾಳೆ ಸಿಡುಬು ಆಗದ ಮಕ್ಕಳಿಗೆ ಈ ಗುಳ್ಳೆಯ ನೀರಿನಿಂದ ಅದು ಅಂಟಬಹುದು, ಹಾಗಾಗಿ ಪಕ್ಕದ ಮನೆಯ ಎಳೆಗೂಸನ್ನು ದೂರ ಇಡಿಸಿದೆವು. ಹತ್ತು ದಿನ ಅಮ್ಮ ಹುಳು ಮನೆಗೆ ಕಾಲಿಡಲಿಲ್ಲ. ಜಗಲಿ ಮೇಲೆ ಒಂದು ಮಗ್ಗುಲಿಗೆ ಮಲಗಿಕೊಂಡು, ಉರಿ ಉರಿ ಅಂತ ನರಳುತ್ತಲೇ, ಒಳಗಿದ್ದ ನನಗೆ ಕೇಳುವ ಹಾಗೆ ಕೂಗುತ್ತಿದ್ದರು, "ಅಂಚು ನೋಡಿದೆಯೇನೋ?"